ಬಾಗಿಲು ತೆರೆದು ಬಂದ ಮೇಲೆ ಕತೆಗೆ ಮರಳುವುದು

ಮನೆ ಸಂಭಾಳಿಸಿಕೊಂಡು ಪ್ರೇಮ ಕಾದಂಬರಿ ಬರೆಯುವವರನ್ನು ಕಂಡರೆ ಜನ ಮೊದಲು ಕೇಳುವುದು, "ಇದಕ್ಕೆಲ್ಲ ಪುರುಸೊತ್ತು ಎಲ್ಲಿ ಸಿಗುತ್ತೆ ನಿಮಗೆ?" ಅಂತ. ಡೊಂಬಿವಲಿ, ಮುಲುಂಡ್, ಘಾಟ್ಕೋಪರ್, ಬೊರಿವಲಿಯ ಒಂದು ಬೆಡ್‌ರೂಮಿನ ಮನೆಗಳಲ್ಲಿ ಕೂತು ಕನ್ನಡದಲ್ಲಿ ಬರೆಯುವ ಹೆಂಗಸರು ಈ ಪ್ರಶ್ನೆಯನ್ನು ಕೇಳಿ ಕೇಳಿ ದಣಿದಿದ್ದಾರೆ. ಲೆಕ್ಕ ಹಾಕಿದರೆ ಪುರುಸೊತ್ತು ಅಂದುಕೊಂಡಷ್ಟು ಕಡಿಮೆ ಇರುವುದಿಲ್ಲ. ವಾರಪತ್ರಿಕೆಯ ಧಾರಾವಾಹಿಗೆ ಒಂದು ಕಂತು ಎಂದರೆ ಹೆಚ್ಚುಕಡಿಮೆ 2000 ಪದ. ವಾರದಲ್ಲಿ ಐದು ದಿನ ಬರೆದರೆ ದಿನಕ್ಕೆ 400 ಪದ. ಕತೆ ಕೈಗೆ ಹತ್ತಿದಾಗ 400 ಪದಕ್ಕೆ ನಲವತ್ತು ನಿಮಿಷ ಸಾಕು. ಹೀಗೆ 20 ಕಂತು ದಾಟಿದರೆ 40,000 ಪದ, ಡೆಮಿ ಎಂಬ ಪುಸ್ತಕದ ಅಳತೆಯಲ್ಲಿ ಸುಮಾರು 200 ಪುಟದ ಕಾದಂಬರಿ. ದಿನಕ್ಕೆ ನಲವತ್ತು ನಿಮಿಷ ಎಂಥ ಮನೆಯಲ್ಲೂ ಹೊಂದುತ್ತದೆ.

ಹೊಂದದೇ ಇರುವುದು ಆ ನಲವತ್ತು ನಿಮಿಷ ಒಟ್ಟಿಗೆ ಸಿಗುವುದು. ಮುಂಬಯಿಯ ಕಟ್ಟಡಗಳಲ್ಲಿ ಬೆಳಿಗ್ಗೆ ಹಾಲಿನವನಿಂದ ಶುರುವಾದ ಬಾಗಿಲ ಗಂಟೆ ಕಚರಾ ಒಯ್ಯುವವನು, ಮನೆಗೆಲಸದ ಹೆಂಗಸು, ಇಸ್ತ್ರಿಯವನು, ಕುರಿಯರ್, ಸೊಸೈಟಿಯ ಮೇಂಟೆನೆನ್ಸ್ ಬಿಲ್ಲು ಹಿಡಿದ ವಾಚ್‌ಮನ್ ಅಂತ ಮಧ್ಯಾಹ್ನದ ತನಕ ಬಾರಿಸುತ್ತಲೇ ಇರುತ್ತದೆ. ಒಬ್ಬೊಬ್ಬರಿಗೆ ಹಿಡಿಯುವುದು ಒಂದು ನಿಮಿಷ. ಆದರೆ ಬಾಗಿಲು ಹಾಕಿ ಬಂದು ಕೂತವಳಿಗೆ ನಿಂತಲ್ಲಿಂದ ಮುಂದುವರಿಯಲು ಕಾಲು ಗಂಟೆ ಬೇಕು. ಹಿಂದಿನ ಎರಡು ಪುಟ ಓದಬೇಕು, ಓದುವಾಗ ಒಂದೆರಡು ಪದ ತಿದ್ದುವ ಚಪಲ, ಅಷ್ಟರಲ್ಲಿ ಮತ್ತೆ ಗಂಟೆ. ಮೂರು ಸಲ ಹೀಗಾದರೆ ನಲವತ್ತು ನಿಮಿಷವೂ ಮರಳುವುದಕ್ಕೇ ಖರ್ಚಾಗಿರುತ್ತದೆ. ಬರವಣಿಗೆಯನ್ನು ತಿನ್ನುವುದು ಮನೆಗೆಲಸಕ್ಕಿಂತ ಹೆಚ್ಚಾಗಿ ಈ ಮರಳುವ ಕಾಲ ಎಂದು ನಾನು ನಂಬಿದ್ದೇನೆ. ಅದನ್ನು ಕಾಲು ಗಂಟೆಯಿಂದ ಎರಡು ನಿಮಿಷಕ್ಕೆ ಇಳಿಸಿದವರು ಕಾದಂಬರಿ ಮುಗಿಸುತ್ತಾರೆ.

ಪ್ರೇಮದ ಕತೆಗೆ ಈ ತೊಂದರೆ ಇನ್ನೂ ಜಾಸ್ತಿ. ಪತ್ತೇದಾರಿ ಕತೆಯಲ್ಲಿ ಸುಳಿವುಗಳ ಪಟ್ಟಿ ನೋಡಿಕೊಂಡು ಮುಂದೆ ಹೋಗಬಹುದು. ಪ್ರೇಮದ ದೃಶ್ಯ ನಿಂತಿರುವುದು ದನಿಯ ಮೇಲೆ, ಒಬ್ಬರು ಇನ್ನೊಬ್ಬರಿಂದ ಎಷ್ಟು ಅಂತರದಲ್ಲಿ ನಿಂತಿದ್ದಾರೆ ಎಂಬ ಸೂಕ್ಷ್ಮದ ಮೇಲೆ. ಭಾಜಿಯವನ ಹತ್ತಿರ ಚೌಕಾಸಿ ಮಾಡಿ ಬಂದ ಗಂಟಲಿನಲ್ಲೇ ನಾಯಕಿಯನ್ನು ಮಾತಾಡಿಸಿದರೆ ಅವಳ ಮಾತೂ ಒರಟಾಗುತ್ತದೆ.

ಇದಕ್ಕೆ ಇರುವ ಮೊದಲ ಉಪಾಯ, ಏಳುವ ಮುಂಚೆ ಮೂರು ಸಾಲಿನ ಚೀಟಿ ಬರೆದಿಡುವುದು. ಚೀಟಿ ಹೀಗಿರಬೇಕು:

"ಮಾಟುಂಗಾ ಹೂವಿನ ಅಂಗಡಿ ಎದುರು. ಮಳೆ ನಿಂತಿದೆ, ಅವಳ ಕೊಡೆ ಇನ್ನೂ ಅವನ ಕೈಯಲ್ಲೇ.
ಅವಳ ಸಿಟ್ಟು ಇಳಿದಿದೆ. ಅವನಿಗೆ ಅದು ಗೊತ್ತಿಲ್ಲ.
ಮುಂದಿನ ಮಾತು ಅವಳದು: ನಿಮ್ಮ ಅಮ್ಮನಿಗೆ ಯಾವ ಹೂ ಇಷ್ಟ?"

ಮೊದಲ ಸಾಲಿನಲ್ಲಿ ಜಾಗ ಮತ್ತು ಕೈಯಲ್ಲಿರುವ ವಸ್ತು. ಎರಡನೆಯದರಲ್ಲಿ ಯಾರ ಮನಸ್ಸು ಎಲ್ಲಿದೆ, ಎದುರಿನವರಿಗೆ ಅದರಲ್ಲಿ ಎಷ್ಟು ಗೊತ್ತು ಎನ್ನುವುದು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಮರಳಿ ಬಂದಾಗ ಯೋಚಿಸದೆ ಟೈಪ್ ಮಾಡಬಹುದಾದ ಸಿದ್ಧ ಮಾತು. ಅದೊಂದನ್ನು ಟೈಪ್ ಮಾಡುವಷ್ಟರಲ್ಲಿ ಅವನ ಉತ್ತರ ತಾನಾಗಿ ಬರುತ್ತದೆ. "ಮುಂದೆ ಇಬ್ಬರೂ ರಾಜಿಯಾಗುತ್ತಾರೆ" ಅಂತ ಬರೆದಿಟ್ಟ ಚೀಟಿಯಿಂದ ಏನೂ ಉಪಯೋಗವಿಲ್ಲ, ಅದು ಕತೆಯ ಸಾರಾಂಶವಾಯಿತು, ಒಳಗೆ ಹೋಗುವ ಬಾಗಿಲು ಅದರಲ್ಲಿಲ್ಲ. ಇದ್ದಕ್ಕಿದ್ದಂತೆ ಗಂಟೆ ಬಾರಿಸಿದಾಗ ಮೂರು ಸಾಲಿಗೆ ಸಮಯವಿರುವುದಿಲ್ಲ ನಿಜ. ಆಗ ಮುಂದಿನ ವಾಕ್ಯದ ಮೂರು ಪದವನ್ನಾದರೂ ಹೊಡೆದು ಏಳಬೇಕು. ಕುರಿಯರ್‌ನವನು ಹತ್ತು ಸೆಕೆಂಡು ಕಾಯುತ್ತಾನೆ.

ಇದರ ಜೊತೆಗೇ ಬರುವ ಇನ್ನೊಂದು ಅಭ್ಯಾಸ, ದೃಶ್ಯ ಮುಗಿಸಿ ಏಳುವ ಆಸೆಯನ್ನು ಬಿಡುವುದು. ಮುಗಿದ ದೃಶ್ಯದ ಮಾರನೆಯ ದಿನ ಖಾಲಿ ಪುಟ ಎದುರಾಗುತ್ತದೆ, ಖಾಲಿ ಪುಟ ಎದುರಾದ ದಿನವೇ ಫ್ರಿಜ್ ಒರೆಸುವ ಕೆಲಸ ನೆನಪಾಗುವುದು. ಮುಂದೇನು ಎಂದು ಚೆನ್ನಾಗಿ ಗೊತ್ತಿರುವ ಜಾಗದಲ್ಲೇ ನಿಲ್ಲಿಸಬೇಕು.

ಎರಡನೆಯದು ಲೆಕ್ಕದ ಪುಸ್ತಕ. ಇದಕ್ಕೆ ಆ್ಯಪ್ ಬೇಡ, 200 ಪುಟದ ರೂಲ್ಡ್ ನೋಟ್‌ಬುಕ್ ಸಾಕು, ಅಡುಗೆಮನೆಯ ಕಟ್ಟೆಯ ಮೇಲೂ ತೆರೆದಿಡಬಹುದು. ಕಂತಿಗೊಂದು ಪುಟ. ಕಂತಿನ ಸಂಖ್ಯೆ, ಕತೆಯೊಳಗಿನ ವಾರ ಮತ್ತು ಹೊತ್ತು, ಯಾರ ಮೈಮೇಲೆ ಏನಿದೆ (ಬ್ಯಾಂಡೇಜು, ಉಂಗುರ, ಹೊಸ ಸೀರೆ), ಯಾರಿಗೆ ಯಾವ ಗುಟ್ಟು ಗೊತ್ತು, ಮತ್ತು ಯಾರು ಯಾರನ್ನು ಹೇಗೆ ಕರೆಯುತ್ತಿದ್ದಾರೆ. ಈ ಕೊನೆಯದನ್ನು ಅನೇಕರು ಬರೆದಿಡುವುದಿಲ್ಲ, ಎಡವುವುದೂ ಅಲ್ಲೇ. ಕನ್ನಡದ ಪ್ರೇಮ ಕಾದಂಬರಿಯಲ್ಲಿ "ನೀವು" ಹೋಗಿ "ನೀನು" ಬರುವ ಕ್ಷಣಕ್ಕೆ ಓದುಗರು ವಾರಗಟ್ಟಲೆ ಕಾದಿರುತ್ತಾರೆ. ಏಳನೆಯ ಕಂತಿನಲ್ಲಿ, ಆಸ್ಪತ್ರೆಯ ಕಾರಿಡಾರಿನಲ್ಲಿ, ರಾತ್ರಿಯಿಡೀ ಕೂತವನಿಗೆ ನಾಯಕಿ ಮೊದಲ ಸಲ "ಊಟ ಮಾಡಿದ್ಯಾ?" ಅನ್ನಬೇಕು ಅಂತ ಇಟ್ಟುಕೊಂಡಿರುತ್ತೀರಿ. ಮೂರು ದಿನ ಬಿಟ್ಟು, ಸುಸ್ತಾದ ರಾತ್ರಿ ಬರೆದ ಐದನೆಯ ಕಂತಿನಲ್ಲಿ ಅವಳು "ನೀನ್ಯಾಕೆ ಬಂದೆ" ಎಂದುಬಿಟ್ಟಿದ್ದರೆ ಕಾರಿಡಾರಿನ ಮಾತಿಗೆ ಬಲವೇ ಇಲ್ಲ.

ಕಂಪ್ಯೂಟರಿನಲ್ಲಿ "ನೀನು", "ನಿನ್ನ", "ನಿನಗೆ" ಹುಡುಕಿದರೆ ಅರ್ಧ ತಪ್ಪು ಮಾತ್ರ ಸಿಗುತ್ತದೆ. ಉಳಿದರ್ಧ ಕ್ರಿಯಾಪದದ ಬಾಲದಲ್ಲಿ ಅಡಗಿರುತ್ತದೆ: ಬನ್ನಿ–ಬಾ, ಹೇಳಿದ್ರಾ–ಹೇಳಿದ್ಯಾ, ಕೊಡಿ–ಕೊಡು. ಅದಕ್ಕೆ ಗಟ್ಟಿಯಾಗಿ ಓದುವುದೊಂದೇ ದಾರಿ. ಇನ್ನೂ ಒಂದು ಮಾತು. ಇಬ್ಬರೇ ಇದ್ದಾಗ "ನೀನು" ಎನ್ನುವ ಹುಡುಗಿ ಅವನ ಅಮ್ಮನ ಎದುರು "ನೀವು" ಎನ್ನುತ್ತಾಳೆ, ಮದುವೆಯಾದ ಮೇಲೂ ಹಾಗೇ ಉಳಿಸಿಕೊಳ್ಳುವ ಮನೆಗಳು ಬೇಕಾದಷ್ಟಿವೆ. ಈ ಹಿಂದೆಮುಂದೆಯನ್ನು ಬೇಕೆಂದೇ ಬಳಸಿದರೆ ಅದೇ ಒಂದು ದೃಶ್ಯವಾಗುತ್ತದೆ. ಮುಂಬಯಿಯ ಪಾತ್ರಗಳಾದರೆ ಭಾಷೆಯ ಗಂಟೂ ಇರುತ್ತದೆ. ಹುಡುಗನ ಮನೆಯಲ್ಲಿ ತುಳು, ಹುಡುಗಿಯ ಮನೆಯಲ್ಲಿ ವಿಜಯಪುರದ ಕನ್ನಡ, ಕಟ್ಟಡದಲ್ಲಿ ಮರಾಠಿ, ಆಫೀಸಿನಲ್ಲಿ ಹಿಂದಿ. ಪುಟದ ಮೇಲೆ ಯಾವುದು ಕನ್ನಡವಾಗಿ ಬರುತ್ತದೆ, ಯಾವುದು ಇದ್ದಂತೆಯೇ ಬರುತ್ತದೆ ಅಂತ ಮೊದಲನೆಯ ಕಂತಿಗೇ ತೀರ್ಮಾನಿಸಿ ಪುಸ್ತಕದಲ್ಲಿ ಬರೆದಿಡಬೇಕು. ಒಂದು ದೃಶ್ಯಕ್ಕೆ ಮರಾಠಿಯ ಒಂದೆರಡು ಮಾತು ಸಾಕು, ಊರಿನ ಓದುಗರಿಗೂ ದಾರಿ ತಪ್ಪಬಾರದು.

ಇನ್ನು ಯಾವ ಹೊತ್ತಿಗೆ ಯಾವ ಕೆಲಸ. ಎಲ್ಲ ಹೊತ್ತಿನಲ್ಲೂ ದೃಶ್ಯ ಬರೆಯಲು ಕೂತರೆ ಹತಾಶೆಯೇ ಗತಿ. ಕಾದಂಬರಿಯ ಕೆಲಸದಲ್ಲಿ ಹೊಸ ದೃಶ್ಯಕ್ಕೆ ಮಾತ್ರ ಅಖಂಡ ಹೊತ್ತು ಬೇಕು. ಅದಕ್ಕೆ ನನ್ನ ಮತ ಬೆಳಿಗ್ಗೆ ಐದಕ್ಕೇ, ಯಾರ ಮಾತೂ ಕಿವಿಗೆ ಬೀಳುವ ಮುಂಚೆ. ನಲ್ಲಿ ನೀರು ಬೆಳಗಿನ ಜಾವ ಮಾತ್ರ ಬಿಡುವ ಹಳೆಯ ಕಟ್ಟಡಗಳಲ್ಲಿ ಆ ಹೊತ್ತು ಡ್ರಮ್ಮು ತುಂಬಿಸುವುದಕ್ಕೇ ಹೋಗುತ್ತದೆ. ಅಂಥವರಿಗೆ ಮಧ್ಯಾಹ್ನ ಎರಡರಿಂದ ಮೂರೇ ಒಳ್ಳೆಯದು, ಅಷ್ಟರಲ್ಲಿ ಗಂಟೆ ಬಾರಿಸುವವರೂ ಊಟಕ್ಕೆ ಹೋಗಿರುತ್ತಾರೆ. ಆದರೆ ಶಾಲೆಯ ಪಾಳಿ ನೋಡಿಕೊಳ್ಳಬೇಕು. ಒಂದು ಮಗು ಬೆಳಗಿನ ಪಾಳಿ, ಇನ್ನೊಂದು ಮಧ್ಯಾಹ್ನದ್ದು ಅಂತಾದರೆ ಹಾಲ್ ಖಾಲಿಯಾಗುವ ಹೊತ್ತೇ ಇರುವುದಿಲ್ಲ. ರಾತ್ರಿ ಹನ್ನೊಂದರ ನಂತರ ಬರೆದ ಪ್ರೇಮದ ದೃಶ್ಯ ಆ ಹೊತ್ತಿಗೆ ಚೆನ್ನಾಗಿ ಕಂಡರೂ ಬೆಳಿಗ್ಗೆ ನೋಡಿದರೆ ಮಾತು ಜಾಸ್ತಿಯಾಗಿರುತ್ತದೆ. ದಣಿದ ಮನಸ್ಸು ಎಲ್ಲವನ್ನೂ ಬಿಡಿಸಿ ಹೇಳಿಬಿಡುತ್ತದೆ. "ನಿನ್ನನ್ನು ಬಿಟ್ಟು ನಾನು ಬದುಕಲಾರೆ" ಎಂದು ಬರೆದಲ್ಲಿ "ತಲುಪಿದ ಮೇಲೆ ಒಂದು ಫೋನ್ ಮಾಡು" ಅಂದಿದ್ದರೆ ಸಾಕಾಗುತ್ತಿತ್ತು.

ಸಂಭಾಷಣೆಗೆ ಅಡುಗೆಮನೆಗಿಂತ ಒಳ್ಳೆಯ ಜಾಗವಿಲ್ಲ. ಚಪಾತಿ ಲಟ್ಟಿಸುವಾಗ, ಸೊಪ್ಪು ಬಿಡಿಸುವಾಗ, ಬಟಾಣಿ ಸುಲಿಯುವಾಗ ಕೈ ತನ್ನ ಪಾಡಿಗೆ ತಾನಿರುತ್ತದೆ. ಎರಡೂ ಪಾತ್ರದ ಮಾತನ್ನು ಗಟ್ಟಿಯಾಗಿ ಆಡಿ ನೋಡಬಹುದು, ನಾಲಿಗೆಗೆ ತೊಡರುವ ಮಾತು ಓದುಗರ ಕಣ್ಣಿಗೂ ತೊಡರುತ್ತದೆ. ಒಗ್ಗರಣೆಯ ಹೊತ್ತಿಗೆ ಮಾತ್ರ ಬೇಡ. ಸಾಸಿವೆ ಸಿಡಿಯುವುದಕ್ಕೂ ಇಂಗು ಕರಟುವುದಕ್ಕೂ ನಡುವೆ ಕೆಲವೇ ಸೆಕೆಂಡು ಇರುತ್ತದೆ. ಬೇಳೆಗೆ ಇಟ್ಟ ಕುಕ್ಕರಿನ ಸೀಟಿ ಎಣಿಸುವುದನ್ನು ಮನೆಯ ಇನ್ನೊಬ್ಬರಿಗೆ ವಹಿಸಬೇಕು. ಸಿಕ್ಕ ಮಾತನ್ನು ಫೋನಿನ ರೆಕಾರ್ಡರಿನಲ್ಲಿ ಹೇಳಿಟ್ಟರೆ ಸಾಕು. ದನಿಯಿಂದ ಅಕ್ಷರ ಮಾಡುವ ಸೌಲಭ್ಯ ಫೋನಿನಲ್ಲಿದ್ದರೂ ಎಕ್ಸಾಸ್ಟ್ ಫ್ಯಾನಿನ ಸದ್ದಿನಲ್ಲಿ ಅದು ಆಡುಮಾತನ್ನು ಸರಿಯಾಗಿ ಹಿಡಿಯುವುದಿಲ್ಲ. ಅದನ್ನು ತಿದ್ದುವ ಹೊತ್ತಿಗೆ ಹೊಸದಾಗಿ ಟೈಪ್ ಮಾಡಿ ಮುಗಿಸಬಹುದು.

ಲೋಕಲ್ ರೈಲು ತಿದ್ದುವುದಕ್ಕೆ. ಡೊಂಬಿವಲಿಯಿಂದ ಲೈನಿನ ಕೊನೆಯ ನಿಲ್ದಾಣ ಸಿಎಸ್‌ಎಂಟಿಗೆ ಫಾಸ್ಟ್ ಲೋಕಲ್ಲಿನಲ್ಲೂ ಒಂದು ಗಂಟೆಯ ಮೇಲೆ ಹಿಡಿಯುತ್ತದೆ. ಲೇಡೀಸ್ ಡಬ್ಬಿಯಲ್ಲಿ ಮೂವರ ಸೀಟಿನ ಅಂಚಿಗೆ ನಾಲ್ಕನೆಯವಳಾಗಿ ಕೂತಾಗ ನೋಟ್‌ಬುಕ್ ತೆರೆಯಲು ಮೊಣಕೈಗೆ ಜಾಗವಿಲ್ಲ. ಫೋನಿನಲ್ಲಿ ಪಿಡಿಎಫ್ ಓದಿ, ಬೇಡದ ಸಾಲಿಗೆ ಹೆಬ್ಬೆರಳಿನಿಂದ ಗುರುತು ಹಾಕುವುದು ಸಾಧ್ಯ. ನಿಂತೇ ಹೋಗಬೇಕಾದ ದಿನ ಕಿವಿ ತೆರೆದಿಟ್ಟರಾಯಿತು. ಸೀಟಿಗಾಗಿ "ಎಲ್ಲಿ ಇಳೀತೀರಿ?" ಅಂತ ಕೇಳಿಕೊಂಡು ಪರಿಚಯವಾದ ಹೆಂಗಸರು ಆಮೇಲೆ ಮಗಳ ಮದುವೆಯ ಒಡವೆಯ ತನಕ ಮಾತಾಡುವುದನ್ನು ಬೇರೆಲ್ಲೂ ಕೇಳಲಾರಿರಿ.

ಹೊರಗಿನ ಗಂಟೆಯಷ್ಟೇ ಕೆಟ್ಟದ್ದು ಬರೆಯುವವರು ತಮಗೆ ತಾವೇ ಬಾರಿಸಿಕೊಳ್ಳುವ ಗಂಟೆ. ದೃಶ್ಯದ ನಡುವೆ ಒಂದು ಸಂಗತಿ ಗೊತ್ತಿಲ್ಲ ಅಂತ ಫೋನ್ ತೆರೆದರೆ ಮರಳುವುದು ಅರ್ಧ ಗಂಟೆಯ ನಂತರ. ಸಣ್ಣಪುಟ್ಟದ್ದಾದರೆ ಸಾಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಬೇಕು. ಕತೆಯ ಕಂಬಗಳೇ ನಿಂತಿರುವ ಸಂಗತಿಗಳನ್ನು ಮಾತ್ರ ಮೊದಲೇ ಕಲೆಹಾಕಿ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದಿಟ್ಟಿರಬೇಕು.

ಉದಾಹರಣೆಗೆ ರಿಜಿಸ್ಟರ್ ಮದುವೆ. ಕಾದಂಬರಿಗಳಲ್ಲಿ ಜೋಡಿ ಬೆಳಿಗ್ಗೆ ಮನೆ ಬಿಟ್ಟು ಮಧ್ಯಾಹ್ನಕ್ಕೆ ರಿಜಿಸ್ಟರ್ ಆಫೀಸಿನಲ್ಲಿ ಹಾರ ಬದಲಾಯಿಸಿಕೊಂಡುಬಿಡುತ್ತಾರೆ. 1954ರ ವಿಶೇಷ ವಿವಾಹ ಕಾಯ್ದೆಯಡಿ ಅದು ಆಗದ ಮಾತು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಾಗಿರಬೇಕು. ನೋಟಿಸು ಕೊಟ್ಟರೆ ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ. ಆಕ್ಷೇಪಕ್ಕೆ 30 ದಿನ ಅವಕಾಶ. ಅದು ಕಳೆದ ಮೇಲೆ ಮೂವರು ಸಾಕ್ಷಿಗಳ ಎದುರು ಮದುವೆ. ನೋಟಿಸು ಕೊಟ್ಟು ಮೂರು ತಿಂಗಳೊಳಗೆ ಮದುವೆಯಾಗದಿದ್ದರೆ ಮತ್ತೆ ಹೊಸ ನೋಟಿಸು. ಇದನ್ನು ಅಡ್ಡಿ ಎಂದುಕೊಳ್ಳುವುದು ದಡ್ಡತನ. ಆ 30 ದಿನ ಧಾರಾವಾಹಿಗೆ ನಾಲ್ಕು ಕಂತು ಕೊಡುತ್ತದೆ: ಗೋಡೆಯ ಮೇಲಿನ ಹೆಸರನ್ನು ಓದುವ ದೂರದ ಚಿಕ್ಕಪ್ಪ, ಮೂರನೆಯ ಸಾಕ್ಷಿ ಯಾರೆಂಬ ಚಿಂತೆ, ಇದೇ ತಿಂಗಳು ಮನೆಗೆ ಬಂದ ಗಂಡಿನ ಕಡೆಯವರು.

ಬಾಡಿಗೆ ಮನೆಯೂ ಹಾಗೆ. ಮುಂಬಯಿಯಲ್ಲಿ ರೂಢಿಯಲ್ಲಿರುವುದು 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು. ಮಹಾರಾಷ್ಟ್ರದಲ್ಲಿ ಅದನ್ನು ನೋಂದಾಯಿಸುವುದು ಕಡ್ಡಾಯ, ಡಿಪಾಸಿಟ್ ಬೇರೆ. ಮದುವೆಯಾಗದವರಿಗೆ ಮನೆ ಕೊಡಲು ಹಿಂದೆಮುಂದೆ ನೋಡುವ ಸೊಸೈಟಿಗಳಿವೆ. ಎದುರು ಮನೆಯ ಹುಡುಗ ಇನ್ನು ಆರು ವಾರಕ್ಕೆ ಖಾಲಿ ಮಾಡಬೇಕು ಎಂಬ ಒಂದು ಸಂಗತಿ ಇಡೀ ಕತೆಗೆ ಗಡಿಯಾರ ಕಟ್ಟುತ್ತದೆ. ಮೊಬೈಲ್ ಬಂದ ಮೇಲೆ "ಅಪಾರ್ಥ" ಎಂಬ ಹಳೆಯ ಅಡ್ಡಿ ಒಂದು ಕಂತಿಗೂ ಬಾಳುವುದಿಲ್ಲ, ಓದುಗರು "ಒಂದು ಮೆಸೇಜ್ ಹಾಕಬಾರದಿತ್ತಾ" ಅಂತ ಕೇಳುತ್ತಾರೆ. ಮನೆ, ಡಿಪಾಸಿಟ್, ವರ್ಗಾವಣೆ, ಜಾತಿ, ಹಾಸಿಗೆ ಹಿಡಿದ ಅಪ್ಪ, ಇವು ಈಗಲೂ ಬಾಳುತ್ತವೆ.

ರೈಲಿನ ವಿಷಯದಲ್ಲಿ ತಪ್ಪಿದರೆ ಮುಂಬಯಿ ಓದುಗರು ಕ್ಷಮಿಸುವುದಿಲ್ಲ. ಮಾಟುಂಗಾ ಸೆಂಟ್ರಲ್ ಲೈನಿನದು, ಮಾಟುಂಗಾ ರೋಡ್ ವೆಸ್ಟರ್ನ್ ಲೈನಿನದು. ಫಾಸ್ಟ್ ಲೋಕಲ್ ಮಾಟುಂಗಾದಲ್ಲಿ ನಿಲ್ಲುವುದಿಲ್ಲ, ದಾದರಿನಲ್ಲೋ ಕುರ್ಲಾದಲ್ಲೋ ಇಳಿದು ಸ್ಲೋ ಹಿಡಿಯಬೇಕು. ಭಾನುವಾರ ಮಧ್ಯಾಹ್ನದ ಭೇಟಿ ಬರೆದರೆ ಹಳಿಯ ರಿಪೇರಿಗೆಂದು ರೈಲು ತಡೆಯುವ ಮೆಗಾ ಬ್ಲಾಕ್ ನೆನಪಿರಲಿ. ಭಾಂಡುಪ್‌ನಿಂದ ಹೊರಟವಳು ತಡವಾಗಿ ಬರಲು ಬೇರೆ ಕಾರಣ ಹುಡುಕಬೇಕಿಲ್ಲ. 1926ರಲ್ಲಿ ಹುಟ್ಟಿದ, ಮಾಟುಂಗಾದ ಕನ್ನಡ ಸಂಸ್ಥೆ ಮೈಸೂರು ಅಸೋಸಿಯೇಷನ್ನಿನ ನಾಟಕಕ್ಕೆ ಬಂದವರು ಅಲ್ಲಿಂದ ಉಡುಪಿ ಹೋಟೆಲಿನ ಊಟಕ್ಕೆ ನಡೆದೇ ಹೋಗಬಹುದು. ನಡೆಯುವ ದಾರಿಯಲ್ಲಿ ಏನೇನು ಕಾಣುತ್ತದೆ ಅಂತ ಒಂದು ಸಲ ನೋಡಿ ಬಂದು ಬರೆಯುವುದು ಒಳ್ಳೆಯದು.

ಧಾರಾವಾಹಿ ಅಚ್ಚಾಗಲು ಶುರುವಾಗುವ ದಿನ ಕೈಯಲ್ಲಿ ನಾಲ್ಕು ಕಂತು ಹೆಚ್ಚಿಗೆ ಇರಲೇಬೇಕು. ಗೌರಿ ಗಣೇಶ, ನವರಾತ್ರಿ, ದೀಪಾವಳಿಯ ಚಕ್ಕುಲಿ ಕರಂಜಿ ಒಂದರ ಹಿಂದೆ ಒಂದು ಬರುತ್ತವೆ. ದೀಪಾವಳಿ ವಿಶೇಷಾಂಕಕ್ಕೆ ಕತೆ ಕೇಳುವ ಪತ್ರಿಕೆಗಳಿಗೆ ಅದು ಮಳೆಗಾಲದಲ್ಲೇ ಬೇಕು. ಅದೇ ಮಳೆಗಾಲದಲ್ಲಿ ಹಾಲ್‌ನಲ್ಲಿ ಬಟ್ಟೆಯ ಹಗ್ಗ ಕಟ್ಟಿ ಬರೆಯುವ ಮೂಲೆಯೂ ಹೋಗಿರುತ್ತದೆ, ರೆಡ್ ಅಲರ್ಟ್ ಅಂತ ಶಾಲೆಗೆ ದಿಢೀರ್ ರಜೆ. ಮೇ ತಿಂಗಳಲ್ಲಿ ಊರು. ರೈಲಿನ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಮತ್ಸ್ಯಗಂಧದ ಟಿಕೆಟ್ ತೆಗೆದ ದಿನವೇ ಕಂತು ಎಣಿಸಿ, ಊರಿನಲ್ಲಿರುವ ವಾರಗಳಿಗೆ ಎಷ್ಟು ಬೇಕೋ ಅಷ್ಟನ್ನು ಮುಂದಿನ ಎರಡು ತಿಂಗಳಿಗೆ ಹಂಚಿಕೊಳ್ಳಬೇಕು. ಊರಿಗೆ ಹೋಗಿ ಬರೆಯುತ್ತೇನೆ ಎನ್ನುವುದು ನಡೆಯುವುದಿಲ್ಲ, ಅಲ್ಲಿ ಅತ್ತಿಗೆ ನಾದಿನಿಯರ ನಡುವೆ ಲ್ಯಾಪ್‌ಟಾಪ್ ತೆರೆದು ಕೂರುವುದು ಚೆನ್ನಾಗಿಯೂ ಕಾಣುವುದಿಲ್ಲ.

ಟೈಪಿಂಗ್ ಬಗ್ಗೆ ಹೆಚ್ಚೇನಿಲ್ಲ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯಲ್ಲಿ ಯುನಿಕೋಡ್‌ನಲ್ಲೇ ಬರೆಯಿರಿ. ಹಳೆಯ ನುಡಿ ಫಾಂಟಿನ ಕಡತ ಆ ಫಾಂಟಿಲ್ಲದ ಕಡೆ ತೆರೆದರೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಪತ್ರಿಕೆಯವರಿಗೆ ಯಾವುದು ಬೇಕು ಅಂತ ಮೊದಲನೆಯ ಕಂತಿಗೇ ಕೇಳಿಕೊಳ್ಳಿ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿದಾಗ ಅರ್ಕಾವತ್ತು, "ರ‍್ಯಾಲಿ"ಯಂಥ ಪದಗಳು, ಉದ್ಧರಣ ಚಿಹ್ನೆಗಳು, ಈ ಮೂರನ್ನು ಕಣ್ಣಿಟ್ಟು ನೋಡಿ. ಮಕ್ಕಳೂ ಬಳಸುವ ಕಂಪ್ಯೂಟರಾದರೆ ಬೇರೆ ಲಾಗಿನ್ ಮಾಡಿಕೊಳ್ಳುವುದು ಎರಡು ನಿಮಿಷದ ಕೆಲಸ.

ಮನೆಯವರ ವಿಷಯ. "ನಾನು ಬರೀತಿರ್ತೀನಿ, ತೊಂದರೆ ಕೊಡಬೇಡಿ" ಎಂಬ ಮಾತಿಗೆ ಅರ್ಥವಿಲ್ಲ, ಏಕೆಂದರೆ ಯಾರೂ ತೊಂದರೆ ಕೊಡುತ್ತಿದ್ದೇವೆ ಅಂದುಕೊಂಡಿರುವುದಿಲ್ಲ. ಎರಡರಿಂದ ಎರಡೂ ನಲವತ್ತರ ತನಕ ಗಂಟೆ ಬಾರಿಸಿದರೆ ಬಾಗಿಲು ಯಾರು ತೆರೆಯುತ್ತಾರೆ, ಅತ್ತೆಯ ಮಾತ್ರೆ ಯಾರು ಕೊಡುತ್ತಾರೆ ಅಂತ ಹೆಸರು ಹಿಡಿದು ಗೊತ್ತುಮಾಡಬೇಕು. ಅವರು ಕತೆಯಲ್ಲಿ ತಮ್ಮನ್ನು ಹುಡುಕುವುದು ಸಹಜ. ನೆಂಟರಲ್ಲಿ ಯಾರಿಗೂ ಇಲ್ಲದ ಹೆಸರುಗಳನ್ನೇ ಆರಿಸಿ, ಗಂಡನ ಕಡೆಯ ಸೋದರಸಂಬಂಧಿಗಳ ತನಕ ನೋಡಿ. ಮನೆಯ ನಿಜವಾದ ಒಂದು ಜಗಳವೋ ಒಡವೆಯೋ ಕತೆಗೆ ಬಂದರೆ ಅಚ್ಚಾಗುವ ಮುಂಚೆ ಸಂಬಂಧಪಟ್ಟವರಿಗೆ ಓದಿ ಹೇಳಿ. ಬೇಡ ಎಂದರೆ ಬಿಡಬೇಕು, ಬೇರೆ ಜಗಳ ಕಟ್ಟಬಹುದು. ಮೊದಲ ಓದುಗರು ಮಾತ್ರ ಮನೆಯ ಹೊರಗಿನವರೇ ಇರಲಿ. ಮುಂಬಯಿಯಲ್ಲಿ "ಸೃಜನಾ"ದಂಥ ಲೇಖಕಿಯರ ಬಳಗವೇ ಇದೆ, ಅಲ್ಲಿ ಕರಾವಳಿಯವರೂ ಧಾರವಾಡ ಕಡೆಯವರೂ ಸಿಗುತ್ತಾರೆ. ನಿಮ್ಮ ನಾಯಕಿಯ ಭಾಷೆ ನಿಮ್ಮದಲ್ಲದಿದ್ದರೆ ಅದನ್ನು ಆಡುವವರ ಕಿವಿಗೊಮ್ಮೆ ಹಾಕಿ.

ಧಾರಾವಾಹಿ ಮುಗಿದು ಪುಸ್ತಕಕ್ಕೆ ಕೊಡುವಾಗ ಕಡತವನ್ನು ಇದ್ದ ಹಾಗೇ ಕಳಿಸಬಾರದು. ಪ್ರತಿ ಕಂತಿನ ಶುರುವಿನಲ್ಲಿ ಕಳೆದ ವಾರದ್ದನ್ನು ನೆನಪಿಸುವ ಎರಡು ಮೂರು ಸಾಲು ಇರುತ್ತವೆ, ಒಟ್ಟಿಗೆ ಓದುವವರಿಗೆ ಅವು ಕಿರಿಕಿರಿ, ಎಲ್ಲವನ್ನೂ ತೆಗೆಯಿರಿ. ಕಂತಿನ ಕೊನೆಗೆಂದೇ ಇಟ್ಟ ಬಡಿದ ಬಾಗಿಲು, ಬಂದ ಫೋನು, ಕೈತಪ್ಪಿದ ಲೋಟಗಳಲ್ಲಿ ನಿಜವಾಗಿ ಬೇಕಾದ ನಾಲ್ಕೈದನ್ನು ಉಳಿಸಿಕೊಂಡು ಮಿಕ್ಕಲ್ಲಿ ಎರಡು ಕಂತುಗಳನ್ನು ಬೆಸೆದು ಒಂದು ಅಧ್ಯಾಯ ಮಾಡಿ. ಆಮೇಲೆ ಲೆಕ್ಕದ ಪುಸ್ತಕ ಪಕ್ಕಕ್ಕಿಟ್ಟುಕೊಂಡು ವಯಸ್ಸು, ವಾರ, ಸೀರೆಯ ಬಣ್ಣ, "ನೀವು–ನೀನು" ಇಷ್ಟನ್ನು ಒಂದೊಂದಾಗಿ ಬೇರೆ ಬೇರೆ ಸುತ್ತಿನಲ್ಲಿ ಪರಿಶೀಲಿಸಿ. ನಾಲ್ಕನ್ನೂ ಒಂದೇ ಓದಿನಲ್ಲಿ ಹಿಡಿಯಲು ಹೋದರೆ ಸೀರೆಯ ಬಣ್ಣವೇ ತಪ್ಪಿಸಿಕೊಳ್ಳುವುದು.